ಸಾಸಿವೆ ಡಬ್ಬಿಯ ಎರಡು ಚೀಟಿ

ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಸಾಮಾನಿನಲ್ಲಿ ನನಗೆ ಬಲು ಇಷ್ಟವಾಗಿದ್ದು ಒಂದು ಪಿಂಗಾಣಿ ಜಾಡಿ. ಕೆಳಗೆ ಬಿಳಿ, ಮೇಲೆ ಕಂದು, ನನ್ನ ಮೊಣಕಾಲೆತ್ತರ. ಕೊಣನೂರಿನಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಅವರು ಅದನ್ನು ಮೈಸೂರಿನಿಂದ ತರಿಸಿ, ಗಾಡಿಯಲ್ಲಿ ಹುಲ್ಲು ಹಾಸಿ, ನಾನು ಸಂಸಾರ ಹೂಡಿದ ಹೊಳೆನರಸೀಪುರಕ್ಕೆ ಕಳಿಸಿದ್ದರು. ಒಂದು ವರ್ಷಕ್ಕೆ ಸಾಕಾಗುವಷ್ಟು ಮಾವಿನಕಾಯಿ ಉಪ್ಪಿನಕಾಯಿ ಅದರಲ್ಲಿ ಹಿಡಿಯುತ್ತಿತ್ತು. ಆದರೆ ಅದರಲ್ಲಿ ನಾನು ಉಪ್ಪಿನಕಾಯಿ ಹಾಕಿದ್ದು ಮೊದಲ ಮೂರು ವರ್ಷವಷ್ಟೇ. ಆಮೇಲೆ ಎಷ್ಟೋ ವರ್ಷ ಅದರಲ್ಲಿ ಇದ್ದದ್ದು ಇಂಗ್ಲಿಷು. ನೆನೆಸಿಕೊಂಡರೆ ನನಗೆ ಈಗಲೂ ರೇಗುತ್ತದೆ.

ನಮ್ಮ ಯಜಮಾನರು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಹಳೇಕೋಟೆಯ ಬೇಸಾಯದ ಮನೆಯವರು. ಆ ಮನೆಯಲ್ಲಿ ನೇಗಿಲು ಬಿಟ್ಟು ಸೀಮೆಸುಣ್ಣ ಹಿಡಿದವರು ಅವರೊಬ್ಬರೇ. ಮೇಷ್ಟರಾದವರು ಪಾಠ ಹೇಳಿ ಮನೆಗೆ ಬಂದು ಕಾಲು ಚಾಚಿ ಕೂರಬೇಕು. ಇವರದು ಹಾಗಲ್ಲ. ಕಿವಿಗೆ ಒಂದೇ ಥರ ಕೇಳಿಸುವ ಇಂಗ್ಲಿಷ್ ಪದಗಳನ್ನು ಹುಡುಕುವುದು, ಅವು ಯಾವ ಸೀಮೆಯಲ್ಲಿ ಹುಟ್ಟಿದವು, ಯಾರ ಬಾಯಿಂದ ಯಾರ ಬಾಯಿಗೆ ಬಂದವು, ಒಂದರ ಅರ್ಥವೇನು, ಇನ್ನೊಂದರ ಅರ್ಥವೇನು ಎಂದು ಚೀಟಿಗಳಲ್ಲಿ ಬರೆದಿಡುವುದು ಅವರಿಗೆ ಹಿಡಿದ ಚಟ. ಹಳೆಯ ಉತ್ತರಪತ್ರಿಕೆಗಳ ಖಾಲಿ ಬೆನ್ನನ್ನು ನಾಲ್ಕು ಬೆರಳಗಲ ಕತ್ತರಿಸಿಕೊಂಡು, ಒಂದು ಪದಕ್ಕೆ ಒಂದು ಚೀಟಿಯಂತೆ ಬರೆಯುತ್ತಿದ್ದರು. ಮೇಲೆ ಇಂಗ್ಲಿಷ್ ಪದ ದಪ್ಪಕ್ಷರದಲ್ಲಿ, ಕೆಳಗೆ ಎರಡು ಮೂರು ಮಾತು ಕನ್ನಡದಲ್ಲಿ. ಒಂದೇ ದನಿಯ ಚೀಟಿಗಳನ್ನು ಸೇರಿಸಿ, ಗೋಣಿ ಹೊಲಿಯುವ ದಬ್ಬಳದಿಂದ ಚುಚ್ಚಿ ದಾರ ಕಟ್ಟುತ್ತಿದ್ದರು. ನನಗೆ ದಬ್ಬಳ ಬೇಕಾದ ದಿನ ಅದು ಮನೆಯಲ್ಲಿ ಸಿಕ್ಕಿದ್ದೇ ಇಲ್ಲ.

ಬರೆದುಕೊಂಡು ಸುಮ್ಮನಿದ್ದರೆ ಹೇಗೋ ಸಹಿಸಬಹುದಿತ್ತು. ಸಿಕ್ಕಿದ್ದನ್ನು ಆ ಕ್ಷಣವೇ ಯಾರಿಗಾದರೂ ಹೇಳಬೇಕು. ಆ ಯಾರಾದರೂ ಎಂದರೆ ನಾನೇ. ಒಂದು ದಿನ ರಾಗಿ ಬೀಸುತ್ತಾ ಕೂತಿದ್ದೆ. ಸ್ಕೂಲಿನಿಂದ ಬಂದವರು ರುಮಾಲು ಕೂಡ ತೆಗೆಯದೆ, ನಿನ್ನ ತೋಳಿನೊಳಗೆ ಇಲಿ ಓಡ್ತಾ ಇದೆ ನೋಡು ಎಂದರು. ನಾನು ಬೀಸುವ ಗೂಟ ಬಿಟ್ಟು ಎದ್ದುಬಿಟ್ಟೆ. ಇಲಿಯೂ ಇಲ್ಲ, ಏನೂ ಇಲ್ಲ. ಮಸಲ್ ಎಂದರೆ ಸ್ನಾಯುವಂತೆ. ಲ್ಯಾಟಿನ್ ಜನ ತೋಳು ಮಡಿಸಿ ನೋಡಿಕೊಂಡಾಗ ಚರ್ಮದ ಕೆಳಗೆ ಸಣ್ಣ ಇಲಿ ಓಡಿದ ಹಾಗೆ ಕಂಡು, ಸಣ್ಣ ಇಲಿ ಎಂದೇ ಅದಕ್ಕೆ ಹೆಸರಿಟ್ಟರಂತೆ. ಅದೇ ದನಿಯ ಇನ್ನೊಂದು ಪದಕ್ಕೆ ಕಪ್ಪೆಚಿಪ್ಪು ಎಂದರ್ಥವಂತೆ, ಅದೂ ಅದೇ ಇಲಿಯಿಂದಲೇ ಬಂದದ್ದಂತೆ. ನಮ್ಮ ಜೊತೆಗೇ ಇದ್ದ ಅತ್ತೆ ಒಳಗಿಂದ ಇದನ್ನೆಲ್ಲ ಕೇಳಿಸಿಕೊಂಡು, "ಅಟ್ಟದ್ಮ್ಯಾಲೆ ಇಲಿ ರಾಗಿ ತಿಂತಾವೆ. ಅದನ್ನ ಇಡೀಲಾ ಮೊದ್ಲು" ಎಂದರು. ಇವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಚೀಟಿ ಬರೆಯಲು ಹೋದರು.

ಇಲ್ಲಿ ಅವರ ಹೆಸರು ಬರೆಯಬೇಕಿತ್ತು. ಬರೆಯುವುದಿಲ್ಲ. ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ, ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎನ್ನುತ್ತಿದ್ದರು. ಆ ಹೆಸರನ್ನು ಹೋಲುವ ಬೇರೆ ಮಾತನ್ನೂ ಬಾಯಿಗೆ ತರಬಾರದು. ನಮ್ಮ ಅತ್ತೆ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಮಾವನವರ ಹೆಸರಿನಲ್ಲಿ ಸೋಮವಾರದ ಮೊದಲ ಎರಡಕ್ಷರ ಬರುತ್ತಿತ್ತು. ಆದ್ದರಿಂದ ಅತ್ತೆಯ ವಾರದಲ್ಲಿ ಆರೇ ದಿನ. ಆ ಒಂದು ದಿನವನ್ನು ಅವರು 'ಎತ್ತು ಕಟ್ಟದ ದಿನ' ಎನ್ನುತ್ತಿದ್ದರು, ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಲ್ಲ, ಹಾಗೆ. ಮಾವನವರು ಹೋಗಿ ಎಷ್ಟೋ ವರ್ಷವಾದರೂ ಆ ದಿನಕ್ಕೆ ಅದೇ ಹೆಸರು.

ನಾನು ನಮ್ಮ ಯಜಮಾನರ ಹೆಸರನ್ನು ಹೇಳಿದ್ದು ಒಂದೇ ಸಲ. ಮದುವೆಯಾಗಿ ಹಳೇಕೋಟೆಯ ಮನೆ ಹೊಗುವಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಒಳಕ್ಕೆ, ಇಲ್ಲದಿದ್ದರೆ ಕೊಣನೂರಿಗೆ ಎಂದಳು. ಅದು ಶಾಸ್ತ್ರ, ಆ ಹೊತ್ತಿಗೆ ಹೇಳಿದರೆ ದೋಷವಿಲ್ಲ. ನನಗೆ ಹದಿನಾರು ವರ್ಷ. ಸೆರಗಿನೊಳಗೇ ಹೇಳಿದೆ. ನಾದಿನಿಗೆ ಕೇಳಿಸಿತು, ದಾರಿ ಬಿಟ್ಟಳು. ಪಕ್ಕದಲ್ಲೇ ನಿಂತಿದ್ದ ಇವರು ಮಾತ್ರ, ನನಗೆ ಕೇಳಿಸಲೇ ಇಲ್ಲ ಎಂದು ಆವತ್ತಿನಿಂದ ಹಾಡಲು ಶುರುಮಾಡಿದರು. ಹಬ್ಬ ಹರಿದಿನ ಬಂದಾಗ, ಯಾರದಾದರೂ ಮದುವೆಯಲ್ಲಿ ಹೆಸರು ಹೇಳಿಸುವಾಗ, ಇದೇ ದೂರು. ಪಾತ್ರೆ ತೊಳೆಯುವ ನೀರಿನ ಸದ್ದಿನಲ್ಲೂ ಇಂಗ್ಲಿಷ್ ಕೇಳಿಸುವ ಕಿವಿಗೆ ಪಕ್ಕದಲ್ಲಿ ನಿಂತ ಹೆಂಡತಿಯ ಮಾತು ಕೇಳಿಸಲಿಲ್ಲ ಎಂದರೆ ನಾನೇನು ಮಾಡಲಿ?

ಹೊಳೆನರಸೀಪುರದಿಂದ ಅರಕಲಗೂಡಿಗೆ ವರ್ಗವಾಯಿತು. ಅಲ್ಲಿನ ಬಾಡಿಗೆ ಮನೆಯ ಗೋಡೆಗೆ ಗೆದ್ದಲು. ಗೂಡಿನಲ್ಲಿಟ್ಟಿದ್ದ ಚೀಟಿಗಳಲ್ಲಿ ಒಂದು ಕಟ್ಟು ಎತ್ತಿದರೆ ಕೈಗೆ ಮಣ್ಣು ಬಂತು. ಇವರು ಆವತ್ತು ಊಟ ಮಾಡಲಿಲ್ಲ. ತಮಗೇ ಜ್ವರ ಬಂದಾಗಲೂ ಎರಡು ಮುದ್ದೆ ಉಂಡ ಮನುಷ್ಯ. ನಾನು ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಮೂರನೆಯ ದಿನ ಇದ್ದ ಉಪ್ಪಿನಕಾಯಿಯನ್ನು ಅಕ್ಕಪಕ್ಕದವರಿಗೆ ಹಂಚಿ, ಜಾಡಿ ತೊಳೆದು ಬಿಸಿಲಿಗಿಟ್ಟು, ಇದರಲ್ಲಿಡಿ, ಗೆದ್ದಲ ಅಪ್ಪನಿಗೂ ಹತ್ತಲಾಗುವುದಿಲ್ಲ ಎಂದೆ. ಹೊಸ ಮನೆಗೆ ಹೋದಾಗ ಜಾಡಿ ವಾಪಸು ಎಂದು ಮಾತಾಗಿತ್ತು. ಯಾವ ಮನೆಗೆ ಹೋದಾಗಲೂ ವಾಪಸಾಗಲಿಲ್ಲ. ಚೀಟಿಗಳಿಗೆಲ್ಲ ಮೆಂತ್ಯ, ಇಂಗಿನ ವಾಸನೆ ಹಿಡಿಯಿತು.

ಯುದ್ಧದ ಕಾಲದಲ್ಲಿ ನಾವು ಚನ್ನರಾಯಪಟ್ಟಣದಲ್ಲಿದ್ದೆವು. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಬಸ್ಸು ಇದ್ದಲಿನಲ್ಲಿ ಓಡುತ್ತಿದೆ. ಊರಿನವರು ಪತ್ರಿಕೆ ತರಿಸಿ ಯಾವ ಊರು ಬಿತ್ತು ಎಂದು ಓದಿದರೆ, ಇವರು ಅದರಲ್ಲಿ ಕರ್ನಲ್ ಎಂಬ ಮಾತಿಗೆ ಗೆರೆ ಎಳೆದುಕೊಂಡು ಕುಣಿಯುತ್ತಾ ಬಂದರು. ದಂಡಿನ ಕರ್ನಲ್ ಬಂದದ್ದು ಇಟಲಿಯವರ ಕಂಬ ಎಂಬ ಮಾತಿನಿಂದಂತೆ, ಕಂಬದ ಹಾಗೆ ಸಾಲಾಗಿ ನಿಲ್ಲುವ ಸಿಪಾಯಿಗಳಿಗೆ ಅವನು ಮುಂದಾಳು. ಅದೇ ದನಿಯ ಇನ್ನೊಂದು ಕರ್ನಲ್‌ಗೆ ಬೀಜದೊಳಗಿನ ತಿರುಳು ಎಂದರ್ಥ, ಹಳೆಯ ಇಂಗ್ಲಿಷಿನ ಸಣ್ಣ ಕಾಳು ಅದು. ಬರೆದರೆ ಒಂದಕ್ಕೊಂದು ಗುರುತೇ ಸಿಗುವುದಿಲ್ಲ, ಕೂಗಿದರೆ ಒಂದೇ. ಇದನ್ನು ಕೇಳಿದಾಗ ನಾನು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬಂದ ಕಾಲನ್ನು ಬಿಸಿನೀರಿನಲ್ಲಿಟ್ಟುಕೊಂಡು ಕೂತಿದ್ದೆ. ಏನು ಉತ್ತರ ಕೊಟ್ಟೆ ಎಂದು ಬರೆಯದಿರುವುದೇ ಮೇಲು.

ಅದಾದ ಎರಡು ವರ್ಷಕ್ಕೆ ಅವರ ಕಣ್ಣಿನ ವಿಷಯ ನನಗೆ ಗೊತ್ತಾದದ್ದು. ಅವರು ಹೇಳಲಿಲ್ಲ. ಮಜ್ಜಿಗೆಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿಕೊಂಡರು, ಕೈ ಜಾರಿತು ಎಂದರು. ಹೊಸಿಲು ಎಡವಿದರು, ಚಪ್ಪಲಿ ಸರಿಯಿಲ್ಲ ಎಂದರು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತು ಚೀಟಿ ಓದುತ್ತಿದ್ದರು, ತುಟಿ ಆಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಚೀಟಿ ತಲೆಕೆಳಗಾಗಿತ್ತು. ಸ್ಕೂಲಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಪಾಠದ ಪುಸ್ತಕ ರೀಡರು ಪೂರ್ತಿ ಬಾಯಿಪಾಠ, ಪುಟ ತಿರುವಿಹಾಕುವುದು ಸುಮ್ಮನೆ ತೋರಿಕೆಗೆ ಎಂದರು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದು ವರ್ಷದ ಮೇಲಾಯಿತು ಎಂದರು. ಇಲಿ, ಕಪ್ಪೆಚಿಪ್ಪು, ಕರ್ನಲ್ ಎಲ್ಲವನ್ನೂ ಓಡಿಬಂದು ಹೇಳುವವರಿಗೆ ಇದೊಂದನ್ನು ಹೇಳಲು ಬಾಯಿ ಬರಲಿಲ್ಲ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಮಾರನೆಯ ದಿನವೇ ಬಸ್ಸು ಹತ್ತಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಕಾಂಪೌಂಡರು ಪುಸ್ತಕ ಬಿಚ್ಚಿಕೊಂಡು ರೋಗಿಯ ಹೆಸರೇನಮ್ಮಾ ಎಂದರು. ಇವರು ದೂರದ ಬೆಂಚಿನ ಮೇಲೆ ಕೂತಿದ್ದರು. ನಾನು ನೆಲ ನೋಡಿದೆ. ಹಿಂದೆ ನಿಂತಿದ್ದ ಜನ ಗೊಣಗಿದರು. ಕೊನೆಗೆ ಕಾಂಪೌಂಡರ ಕೈಯಿಂದ ಪೆನ್ಸಿಲು ಇಸಿದುಕೊಂಡು ಕನ್ನಡದಲ್ಲಿ ಬರೆದು ತೋರಿಸಿದೆ. ಕೊಣನೂರಿನ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಅಷ್ಟಕ್ಕಾದರೂ ಬಂತು.

ಡಾಕ್ಟರು ಬ್ಯಾಟರಿ ಬಿಟ್ಟು ಎರಡೂ ಕಣ್ಣಿನ ಪಾಪೆಗಳನ್ನು ನೋಡುತ್ತಿರುವಾಗ ಇವರು ಸುಮ್ಮನಿರಬೇಕೋ ಬೇಡವೋ? ಪ್ಯೂಪಿಲ್ ಎಂದರೆ ಕಣ್ಣಿನ ಪಾಪೆ, ಶಿಷ್ಯ ಎಂದೂ ಅರ್ಥ, ಲ್ಯಾಟಿನ್ನಿನಲ್ಲಿ ಪುಟ್ಟ ಗೊಂಬೆಗೆ ಹಾಗನ್ನುತ್ತಾರೆ, ಎದುರಿಗಿದ್ದವರ ಕಣ್ಣೊಳಗೆ ನಮ್ಮದೇ ಬಿಂಬ ಗೊಂಬೆಯಂತೆ ಕಾಣುತ್ತದಲ್ಲ, ಅದಕ್ಕೆ ಎಂದು ಡಾಕ್ಟರಿಗೇ ಪಾಠ ಶುರುಮಾಡಿದರು. ನಮ್ಮಲ್ಲೂ ಗೊಂಬೆಗೆ ಪಾಪೆ ಎಂದೇ ಅನ್ನುತ್ತಾರೆ, ಅದಕ್ಕೆ ಲ್ಯಾಟಿನ್ ಬೇಕಿರಲಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು, ಒಳ್ಳೆಯವರು. ಆಮೇಲೆ ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದು ಇನ್ನೊಂದು ವರ್ಷ ಇದ್ದರೆ ಹೆಚ್ಚು ಎಂದರು. ನನ್ನ ತಲೆಯಲ್ಲಿ ಒಂದೇ ಹುಳ ಕೊರೆಯಿತು. ಹೆಸರನ್ನು ಬಾಯಲ್ಲಿ ಹೇಳದಿದ್ದರೂ ಕೈಯಲ್ಲಿ ಬರೆದೆನಲ್ಲ, ಅದೂ ಲೆಕ್ಕಕ್ಕೆ ಬರುತ್ತದೆಯೋ ಏನೋ.

ವಾಪಸು ಬರುವಾಗ ಇವರು, ಒಂದು ಕೆಲಸವಿದೆ ಎಂದು ನನ್ನನ್ನು ಒಂದು ಅಚ್ಚುಕೂಟಕ್ಕೆ ನಡೆಸಿಕೊಂಡು ಹೋದರು. ಕಣ್ಣಿನ ಮಾತು ಕೇಳಿ ಅರ್ಧ ಗಂಟೆಯೂ ಆಗಿರಲಿಲ್ಲ. ಹೈಸ್ಕೂಲಿಗೆ ಹೋಗುವ ನಮ್ಮ ಕಡೆಯ ಮಕ್ಕಳಿಗೆ ಉಪಯೋಗವಾಗುವಂತೆ ಈ ಪದಗಳನ್ನೆಲ್ಲ ಪುಸ್ತಕ ಮಾಡಬೇಕೆಂಬುದು ಅವರ ಆಸೆ. ಅಚ್ಚುಕೂಟದವರು, ಯುದ್ಧದಿಂದ ಕಾಗದವೇ ಬರುತ್ತಿಲ್ಲ, ಇರುವುದು ಮುಗಿಯುವ ಮುಂಚೆ ಎಂದರೆ ದಸರಾ ರಜ ಮುಗಿಯುವಷ್ಟರಲ್ಲಿ ಪೂರ್ತಿ ಬರೆದು ತಂದುಕೊಟ್ಟರೆ ಅಚ್ಚು ಹಾಕುತ್ತೇವೆ, ಆಮೇಲೆ ಕೇಳಬೇಡಿ ಎಂದರು. ಇವರು ಆಗಲಿ ಎಂದು ಒಪ್ಪಿಕೊಂಡರು. ರಸ್ತೆಗೆ ಬಂದ ಮೇಲೆ, ಯಾರು ಬರೆಯುವುದು ಎಂದು ಕೇಳಿದೆ. ನೀನೇ ಎಂದರು. ನನಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಕಲಿಸಿದರು. ಆ ಕಲಿಸುವಿಕೆ ನನ್ನ ಶತ್ರುವಿಗೂ ಬೇಡ ಎನ್ನುತ್ತೇನೆ. ಎ ಎಂಬುದು ಎ, ಬಿ ಎಂಬುದು ಬಿ ಎಂದು ಹೇಳಿದರೆ ಮುಗಿಯುವುದಕ್ಕೆ, ಎ ಅಕ್ಷರವನ್ನು ತಲೆಕೆಳಗು ಮಾಡು, ಎತ್ತಿನ ತಲೆ ಕಾಣುತ್ತದೆ, ಎರಡು ಕೊಂಬು ನೋಡು, ಬಹಳ ಹಿಂದೆ ಸಮುದ್ರದ ಮೇಲೆ ವ್ಯಾಪಾರ ಮಾಡುತ್ತಿದ್ದವರು ಎತ್ತಿಗೆ ಅದನ್ನು ಬರೆಯುತ್ತಿದ್ದರು ಎಂದರು. ಬಿ ಎಂದರೆ ಮನೆಯಂತೆ. ಎತ್ತು, ಮನೆ ಎರಡರಲ್ಲೇ ಒಂದು ವಾರ ಹೋಯಿತು. ಇಪ್ಪತ್ತಾರಕ್ಕೂ ಹೀಗೆ ಮನೆತನ ಹೇಳುತ್ತಾ ಕೂತರೆ ದಸರಾ ಅಲ್ಲ ಶಿವರಾತ್ರಿಯೂ ದಾಟುತ್ತದೆ ಎಂದು ರೇಗಿದೆ. ಆಮೇಲೆ ದಾರಿಗೆ ಬಂದರು. ಬೇಸಿಗೆ ಕಳೆಯುವಷ್ಟರಲ್ಲಿ ಕೂಡಿಸಿಕೊಂಡು ಓದುವಷ್ಟು ಕಲಿತೆ. ಬರೆಯುವ ಕಾಗದಕ್ಕೆ ಚನ್ನರಾಯಪಟ್ಟಣವೆಲ್ಲ ಅಲೆದರೂ ಸಿಗದೆ, ನಮ್ಮಪ್ಪನಿಗೆ ಹೇಳಿಕಳಿಸಿದೆ. ಸಂತೆಯ ದಿನ ಬಸ್ಸಿನವರ ಕೈಲಿ ಇಪ್ಪತ್ತನಾಲ್ಕು ಹಾಳೆಗೊಂದರಂತೆ ಎರಡು ದಸ್ತು ಕಾಗದ ಬಂತು. ದಸ್ತಿಗೆ ಇಂಗ್ಲಿಷಿನಲ್ಲಿ ಕ್ವಯರ್ ಎನ್ನುತ್ತಾರೆ, ಅದು ನಾಲ್ಕು ನಾಲ್ಕು ಎಂಬ ಮಾತಿನಿಂದ ಹುಟ್ಟಿದ್ದು, ಗುಂಪಾಗಿ ಹಾಡುವವರಿಗೂ ಅದೇ ದನಿ, ಅದು ಮೊದಲು ಕುಣಿತವಾಗಿತ್ತು ಎಂದು ಇವರು ಶುರುಮಾಡುವಷ್ಟರಲ್ಲಿ ನಾನು ಕಾಗದ ತೆಗೆದುಕೊಂಡು ಒಳಗೆ ಹೋಗಿಬಿಟ್ಟೆ.

ದಸರಾ ರಜ ಬಂತು. ಬೆಳಿಗ್ಗೆ ಮನೆಗೆಲಸ ಮುಗಿಸಿ, ಜಗಲಿಯ ಬೆಳಕಿನಲ್ಲಿ ಜಾಡಿ ಇಟ್ಟುಕೊಂಡು ನಾವಿಬ್ಬರೂ ಕೂರುತ್ತಿದ್ದೆವು. ಮೂರು ಮಾರು ದೂರದಲ್ಲಿ ಅತ್ತೆ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಕೆಲಸಕ್ಕೆ ಇವರು ಒಂದು ಕ್ರಮ ಹಾಕಿದ್ದರು. ನಾನು ಒಂದು ಕಟ್ಟು ತೆಗೆಯಬೇಕು. ಅದರ ಪದಗಳನ್ನು ಒಂದಾದ ಮೇಲೆ ಒಂದು ಗಟ್ಟಿಯಾಗಿ ಓದಬೇಕು. ಒಂದೇ ಬಾಯಿಂದ ಕೇಳಿದಾಗ ಎರಡೂ ನಿಜವಾಗಿ ಒಂದೇ ಥರ ಇದ್ದರೆ ಪುಸ್ತಕಕ್ಕೆ, ಇಲ್ಲದಿದ್ದರೆ ಒಲೆಗೆ. ಆಮೇಲೆ ಅವರು ಹುಟ್ಟು, ಅರ್ಥ ಎಲ್ಲ ವಿಸ್ತಾರವಾಗಿ ಹೇಳುತ್ತಾರೆ, ನಾನು ಬರೆಯಬೇಕು. ಗಟ್ಟಿಯಾಗಿ ಓದದ ಪದ ಪುಸ್ತಕಕ್ಕಿಲ್ಲ, ಇದು ಕಿವಿಯ ಪುಸ್ತಕ ಎಂದು ಅವರ ಹಟ. ನಿನ್ನ ಕೊಣನೂರು ನಾಲಿಗೆಗೆ ಬೇರೆ ಬೇರೆ ಪದವೂ ಒಂದೇ ಆಗಿಬಿಡುತ್ತದೆ ಎಂದು ಬೈಯುವುದೂ ಅವರೇ, ಓದು ಎನ್ನುವುದೂ ಅವರೇ.

ಓದಲಾದರೂ ಬಿಡುತ್ತಿದ್ದರೇ? ಎರಡನೆಯ ಪದ ನನ್ನ ಬಾಯಿಂದ ಪೂರ್ತಿ ಬೀಳುವ ಮುಂಚೆಯೇ, ಸಾಕು ಸಾಕು, ಬರಿ ಎಂದು ಶುರು. ಎಷ್ಟು ನೂರು ಚೀಟಿ ಓದಿದೆನೋ, ಇನ್ನೊಂದು ಸಲ ಓದು ಎಂದು ಒಂದಕ್ಕೂ ಕೇಳಲಿಲ್ಲ. ಒಂದು ಸಲ ಕೇಳಿದರೆ ಸಾಕು ಎಂಬ ಜಂಬ. ಕಷ್ಟಪಟ್ಟು ಅಕ್ಷರ ಕೂಡಿಸಿದವಳಿಗೆ ಕೊನೆಯವರೆಗೆ ಓದುವ ಸಂತೋಷವೂ ಇಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಜಾಡಿಯೊಳಗಿಂದ ಎರಡೇ ಚೀಟಿಯ ಒಂದು ಸಣ್ಣ ಕಟ್ಟು ಕೈಗೆ ಬಂತು. ಉಳಿದವಕ್ಕೆಲ್ಲ ಬಿಳಿ ದಾರ, ಇದಕ್ಕೆ ಕೆಂಪು. ಕಾಗದ ಎಲ್ಲಕ್ಕಿಂತ ಹಳೆಯದು, ಅಂಚು ಸವೆದಿತ್ತು. ಮೊದಲಕ್ಷರ, ಎರಡನೆಯ ಅಕ್ಷರ, ಮೂರನೆಯದು ಎಂದು ಮನಸ್ಸಿನಲ್ಲಿ ಕೂಡಿಸಿಕೊಂಡೆ. ಅದು ಅವರ ಹೆಸರು. ಅಂದರೆ ಅವರ ಹೆಸರಿನಂತೆಯೇ ಕೇಳಿಸುವ ಇಂಗ್ಲಿಷ್ ಪದ. ಎರಡನೆಯ ಚೀಟಿಯೂ ಅದೇ ದನಿ. ಆ ಪದ ಯಾವುದೆಂದು ಇಲ್ಲಿ ಹೇಳಿದರೆ ಇಷ್ಟು ಹೊತ್ತು ಹೆಸರು ಮುಚ್ಚಿಟ್ಟದ್ದು ದಂಡವಾಗುತ್ತದೆ.

ಓದಲು ಬಾಯಿ ಬರಲಿಲ್ಲ. ಮೂರು ಮಾರು ದೂರದಲ್ಲಿ ಅತ್ತೆ. ಹಾಸನದಲ್ಲಿ ಬರೆದದ್ದಕ್ಕೇ ಕಣ್ಣು ಹೋಗುತ್ತಿದೆಯೇನೋ ಎಂಬ ಅಳುಕು ನನಗೆ. ಬಾಯಲ್ಲಿ ಹೇಳಿದರೆ ಇನ್ನೇನು ಹೋದೀತು ಎಂದು ಯೋಚಿಸಲೂ ಹೆದರಿದೆ. ಅಷ್ಟು ಚೀಟಿಗಳಲ್ಲಿ ಎರಡು ಹೋದರೆ ಯಾರಿಗೆ ಗೊತ್ತಾಗುತ್ತದೆ? ಒಗ್ಗರಣೆಗೆ ನೋಡಿ ಬರುತ್ತೇನೆಂದು ಒಳಗೆ ಹೋಗಿ, ಅವನ್ನು ಸಾಸಿವೆ ಡಬ್ಬಿಯೊಳಗೆ ಹಾಕಿದೆ. ಬಂದು ಬೇರೆ ಕಟ್ಟು ತೆಗೆದು ಓದಿದೆ. ಅವರು ಎಂದಿನಂತೆ ಅರ್ಧಕ್ಕೇ ತಡೆದು ಬರಿ ಎಂದರು.

ಆಯುಧಪೂಜೆಯ ದಿನ ಜಾಡಿಗೂ ವಿಭೂತಿ ಹಚ್ಚಿದ್ದಾಯಿತು. ಅದು ಕಳೆದ ಮೇಲೆ ಮತ್ತೆ ಬರವಣಿಗೆ. ರಜ ಮುಗಿಯಲು ಎರಡು ದಿನವಿದೆ ಎನ್ನುವಾಗ ಜಾಡಿ ಬರಿದಾಯಿತು. ಕೈಹಾಕಿ ತಳ ಸವರಿ, ಮುಗೀತು ಎಂದೆ. ನನ್ನ ಬೆರಳುಗಳು ಬಾತುಕೊಂಡಿದ್ದವು, ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆದರೂ ಖುಷಿಯಾಗಿತ್ತು, ನನ್ನ ಜಾಡಿ ನನಗೆ ಬಂತು ಎಂದು. ಇವರ ಮುಖ ಮಾತ್ರ ಅರಳಲಿಲ್ಲ.

"ಕೆಂಪು ದಾರದ್ದು ಬರಲೇ ಇಲ್ಲವಲ್ಲ" ಎಂದರು.

ಯಾವ ಕೆಂಪು ದಾರ ಎಂದೆ. ನನ್ನ ದನಿ ನನಗೇ ಸುಳ್ಳು ಎನಿಸಿತು.

ಆಗ ಅವರು ಹೇಳಿದ್ದನ್ನು ಹತ್ತು ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಕೇಳಿರಲಿಲ್ಲ. ಹಳೇಕೋಟೆಯಿಂದ ಓದಲು ಹಾಸನಕ್ಕೆ ಹೋದ ಹೊಸದರಲ್ಲಿ, ಅವರ ಸ್ಕೂಲಿಗೆ ತನಿಖೆಗೆಂದು ಬಿಳಿ ಸಾಹೇಬರೊಬ್ಬರು ಬಂದಿದ್ದರಂತೆ. ಹಾಜರಿ ಪುಸ್ತಕ ಓದುತ್ತಾ ಇವರ ಹೆಸರು ಬಂದಾಗ ನಿಲ್ಲಿಸಿ, ಇನ್ನೊಂದು ಸಲ ಓದಿ, ಹೆಡ್‌ಮೇಷ್ಟರ ಕಡೆ ತಿರುಗಿ ಏನೋ ಹೇಳಿ ನಕ್ಕರಂತೆ. ಹೆಡ್‌ಮೇಷ್ಟರೂ ನಕ್ಕರು. ಅರ್ಥವಾಗದಿದ್ದರೂ ಕ್ಲಾಸೆಲ್ಲ ನಕ್ಕಿತು. ತನ್ನ ಹೆಸರಿಗೆ ಇಂಗ್ಲಿಷಿನಲ್ಲಿ ಏನು ಅರ್ಥ, ಯಾಕೆ ನಕ್ಕರು ಎಂದು ಆವತ್ತು ಸಂಜೆ ಸ್ಕೂಲಿನ ದೊಡ್ಡ ಡಿಕ್ಷನರಿ ತೆಗೆದು ನೋಡಿದರಂತೆ. ಒಂದು ಪದ ಸಿಕ್ಕಿತು, ಅದು ನಗುವಂಥದ್ದೇ. ಅದರ ಕೆಳಗೇ ಅದೇ ದನಿಯ ಇನ್ನೊಂದಿತ್ತು. ಅದರ ಹುಟ್ಟು ಬೇರೆ, ಅದು ಯಾರೂ ನಗುವಂಥದ್ದಲ್ಲ. ಆ ಎರಡನ್ನೂ ಎರಡು ಚೀಟಿಯಲ್ಲಿ ಬರೆದುಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಅಲ್ಲಿಂದ ಶುರುವಾದದ್ದು ಇದೆಲ್ಲ.

"ಅದು ಮೊದಲನೇ ಪುಟಕ್ಕೆ ಅಂತ ಇಟ್ಟಿದ್ದೆ" ಎಂದರು. "ಅದಿಲ್ಲದಿದ್ರೆ ಈ ಪುಸ್ತಕ ಹಾಸನಕ್ಕೆ ಹೋಗೋದು ಬೇಡ."

ನನಗೆ ಮೈ ಉರಿದುಹೋಯಿತು. ಅವರ ಮೇಲೂ, ನನ್ನ ಮೇಲೂ. ಇಷ್ಟು ವರ್ಷ ಕಂಡಕಂಡ ಇಲಿಯ ಕಥೆ ಹೇಳಿದ ಮನುಷ್ಯ ಈ ಒಂದು ಕಥೆಯನ್ನು ಹೇಳಿದ್ದರೆ ನಾನು ಜಾಡಿಗೆ ಇಷ್ಟು ಶಾಪ ಹಾಕುತ್ತಿದ್ದೆನೇ? ಎದ್ದು ಹೋಗಿ ಸಾಸಿವೆ ಡಬ್ಬಿಯಿಂದ ಚೀಟಿಗಳನ್ನು ತಂದೆ. ಸಿಕ್ಕಿತು, ನೀವೇ ಹೇಳಿಕೊಂಡು ಹೋಗಿ, ಬರೆಯುತ್ತೇನೆ ಎಂದೆ.

"ಓದು" ಎಂದರು.

"ನಿಮಗೇ ಗೊತ್ತಲ್ಲ, ಏನು ಅಂತ. ನಾನು ಓದಬೇಕಾ?"

"ಎಲ್ಲವನ್ನೂ ಓದಿಲ್ವಾ? ಇದಕ್ಕೊಂದು ಬೇರೆ ಕ್ರಮ ಯಾಕೆ?"

ನಾನು ಅತ್ತೆಯ ಕಡೆ ನೋಡಿದೆ. ಅವರಿಗೆ ಇಂಗ್ಲಿಷೂ ಬಾರದು, ಅಕ್ಷರವೂ ಬಾರದು. ಆದರೆ ಮಗನ ಕಥೆಯನ್ನು ಕಲ್ಲು ಆರಿಸುವ ಕೈ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಿದ್ದರು. ಅವರ ಮಗನನ್ನು ನೋಡಿ ಒಂದು ಕ್ಲಾಸು ನಕ್ಕಿತ್ತು ಎಂಬುದು ಅವರಿಗೂ ಅವತ್ತೇ ಗೊತ್ತಾದದ್ದು. ಆ ಹೆಸರು ಅವರು ಇಟ್ಟದ್ದು. ಮೊರ ಪಕ್ಕಕ್ಕಿಟ್ಟು, ಮಂಡಿಗೆ ಕೈಕೊಟ್ಟು ಎದ್ದರು.

"ನಾನು ಇತ್ಲಿಗೋಗಿ ಸೊಪ್ ಕಿತ್ಕಂಬತ್ತೀನಿ ಕಣವ್ವ" ಎಂದರು. "ಅಷ್ಟೊತ್ಗೆ ಏನ್ ಓದ್ಕೋಬೇಕೋ ಓದ್ಕೊಳಿ."

ಬುಟ್ಟಿ ತೆಗೆದುಕೊಂಡು ಹಿತ್ತಲ ಕಡೆಗೆ ಹೋದರು, ಹೋಗುವಾಗ ಬಾಗಿಲನ್ನೂ ಎಳೆದುಕೊಂಡರು.

ಮೊದಲನೆಯ ಚೀಟಿ ಓದಿದೆ. ನನ್ನ ದನಿ ಜಗಲಿಯಿಂದ ಬೀದಿಯವರೆಗೆ ಹೋಯಿತೇನೋ ಎನಿಸಿತು. ಅವರು ತಡೆಯಲಿಲ್ಲ. ಎರಡನೆಯದನ್ನೂ ಓದಿದೆ. ಸಾಕು ಸಾಕು ಎನ್ನುತ್ತಾರೆ ಎಂದು ಅರ್ಧಕ್ಕೆ ನಿಲ್ಲಿಸಲು ಸಿದ್ಧವಾಗಿದ್ದೆ. ಆದರೆ ಕೊನೆಯವರೆಗೆ ಓದಬೇಕಾಯಿತು. ಕಾಣದ ಕಣ್ಣನ್ನು ನನ್ನ ಕಡೆ ಇಟ್ಟುಕೊಂಡು ಕೂತಿದ್ದರು. ಎರಡೂ ಒಂದೇ ಥರ ಇವೆಯೋ ಇಲ್ಲವೋ ಹೇಳಿ, ಬರೆಯಬೇಕು ಎಂದೆ.

"ಗೊತ್ತಾಗ್ತಾ ಇಲ್ಲ. ಇನ್ನೊಂದ್ಸಲ ಓದು."

ಅಷ್ಟು ನೂರು ಚೀಟಿಗಳಲ್ಲಿ ಒಂದಕ್ಕೂ ಕೇಳದಿದ್ದ ಮಾತು. ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ಕೇಳಿಸಲಿಲ್ಲ ಎನ್ನುತ್ತಿದ್ದಿರಲ್ಲ, ಈಗಲಾದರೂ ಕೇಳಿಸಿತೋ ಇಲ್ಲವೋ ಎಂದು ರೇಗಿದೆ. ಅವರು ಸರಿಯಾಗಿ ಕೇಳಿಸಲಿಲ್ಲ ಎಂದರು. ಮತ್ತೆ ಓದಿದೆ. ಅಳು ಬಂದದ್ದು ಆಗ. ಅತ್ತೆ ಹಿತ್ತಲಿಂದ ಬರುವಷ್ಟರಲ್ಲಿ ಎಷ್ಟು ಸಲ ಓದಿಸಿದರೋ ನೆನಪಿಲ್ಲ. ಅತ್ತೆಯ ಬುಟ್ಟಿಯಲ್ಲಿ ಮೂರು ಮನೆಗಾಗುವಷ್ಟು ಸೊಪ್ಪಿತ್ತು.

ರಜದ ಕೊನೆಯ ದಿನ ಬರೆದದ್ದನ್ನೆಲ್ಲ ಹಳೆಯ ಪಂಚೆಯಲ್ಲಿ ಸುತ್ತಿ ಹಾಸನಕ್ಕೆ ಮುಟ್ಟಿಸಿದೆವು. ಪುಸ್ತಕ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಆ ಹೊತ್ತಿಗೆ ಅವರಿಗೆ ಬೆಳಕು, ನೆರಳು ಎರಡೂ ಒಂದೇ ಆಗಿ, ಸ್ಕೂಲು ಬಿಟ್ಟು ಮನೆಯಲ್ಲಿದ್ದರು. ಕಾಗದ ತೆಳುವಾಗಿ, ಹಳದಿಯಾಗಿ, ಒಂದು ಪುಟದ ಅಕ್ಷರ ಇನ್ನೊಂದು ಪುಟಕ್ಕೆ ಕಾಣುತ್ತಿತ್ತು. ಇಷ್ಟು ಒದ್ದಾಡಿದ್ದು ಇದಕ್ಕೋ ಎಂದು ನನಗೆ ಕಿರಿಕಿರಿಯಾಯಿತು. ಅವರು ಪುಸ್ತಕವನ್ನು ಮೂಸಿ ನೋಡಿ, ಮೆಂತ್ಯದ ವಾಸನೆ ಇಲ್ಲ ಎಂದು ನಕ್ಕರು. ಆಮೇಲೆ ಮೊದಲನೆಯ ಪುಟ ತೆಗೆಸಿ, ಆ ಪದ ಎಲ್ಲಿದೆಯೋ ಅಲ್ಲಿ ತಮ್ಮ ಬೆರಳು ಇಡಿಸಿಕೊಂಡು, ಅಚ್ಚಿನಲ್ಲಿ ತಪ್ಪಾಗಿದೆಯೋ ಏನೋ, ಒಂದು ಸಲ ಗಟ್ಟಿಯಾಗಿ ಓದು ನೋಡೋಣ ಎಂದರು.

ತಪ್ಪಾಗಿಲ್ಲ, ನಾನಾಗಲೇ ನೋಡಿದ್ದೇನೆ ಎಂದೆ. ಆದರೂ ಓದು ಎಂದರು. ಹಬ್ಬವಿಲ್ಲ, ರಜವಿಲ್ಲ, ಒಲೆಯ ಮೇಲೆ ಎಸರಿಟ್ಟು ಬಂದಿದ್ದೇನೆ, ಈ ಮನುಷ್ಯನಿಗೆ ಏನು ಹೇಳಲಿ ಎಂದು ಅತ್ತೆಯ ಕಡೆ ತಿರುಗಿದೆ. ಅತ್ತೆ ಆಗಲೇ ಬುಟ್ಟಿ ತೆಗೆದುಕೊಂಡು ಹಿತ್ತಲಿಗೆ ಹೊರಟಿದ್ದರು.